ಅಟ್ಟ ಸೇರಿದ ದೂರದರ್ಶಕಗಳು

ಕಳೆದ ಮಾಘಮಾಸದಲ್ಲಿ ಒಂದು ದಿನ, ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಮೇಜಿನ ಬಳಿಗೆ ಬಂದು, "ಸಾರ್, ಒಂದು ದೂರದರ್ಶಕವನ್ನು ಕೊಂಡಿದ್ದೇನೆ. ಅದರಲ್ಲಿ ಏನೂ ಕಾಣುವುದಿಲ್ಲ" ಎಂದನು. ಅವನ ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಗಾರರು. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಹಾಕಿದ ನಾಲ್ಕು ಸಾವಿರ ರೂಪಾಯಿಗಳನ್ನು ತೆತ್ತು, ಯಾರೋ ಬಳಸಿ ಬಿಟ್ಟಿದ್ದ ಆ ಯಂತ್ರವನ್ನು ಅವನು ತಂದಿದ್ದನು. ಪೆಟ್ಟಿಗೆಯ ಮೇಲೆ ಶನಿಗ್ರಹದ ಬಣ್ಣದ ಚಿತ್ರ. ಅದರ ಕೆಳಗೆ "525 ಪಟ್ಟು" ಎಂಬ ಅರ್ಥದ ದಪ್ಪ ಅಕ್ಷರಗಳು. ಮೂರು ರಾತ್ರಿ ಮಹಡಿಯ ಮೇಲೆ ಕುಳಿತರೂ ನಡುಗುವ ಒಂದು ಬೂದುಬಣ್ಣದ ಮಬ್ಬಿನ ಹೊರತು ಬೇರೇನೂ ಕಾಣದೆ, ತನ್ನ ಕಣ್ಣಿನಲ್ಲಿಯೇ ದೋಷವಿದೆಯೋ ಏನೋ ಎಂಬ ಅನುಮಾನ ಅವನಿಗೆ ಬಂದಿತ್ತು. ಮನೆಯಲ್ಲಿ ಹಣ ಪೋಲಾಯಿತೆಂಬ ಮಾತು ಆಗಲೇ ಎದ್ದಿತ್ತು.

ಇಂತಹ ಮಾತನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ಆಕಾಶವನ್ನು ನೋಡಬೇಕೆಂಬ ಹಂಬಲದಿಂದ ಕೊಂಡ ಯಂತ್ರವು ತಿಂಗಳೊಳಗಾಗಿ ಅಟ್ಟ ಸೇರುತ್ತದೆ. ಅದರ ಹಿಂದೆಯೇ ಆ ಹಂಬಲವೂ ಅಟ್ಟ ಸೇರುತ್ತದೆ. ತಪ್ಪು ಹುಡುಗನದಲ್ಲ, ಗಾಜಿನದೂ ಬಹುಮಟ್ಟಿಗೆ ಅಲ್ಲ. ಪೆಟ್ಟಿಗೆಯ ಮೇಲಿನ ಆ ಸಂಖ್ಯೆಯದು.

ಆ ಸಂಖ್ಯೆ ಹುಟ್ಟುವುದು ಹೀಗೆ. ದೂರದರ್ಶಕದ ವರ್ಧನೆಯೆಂದರೆ, ಮುಂದಿನ ವಸ್ತುಮಸೂರದ ಸಂಗಮದೂರವನ್ನು ಕಣ್ಣಿನ ಬಳಿಯ ನೇತ್ರಮಸೂರದ ಸಂಗಮದೂರದಿಂದ ಭಾಗಿಸಿ ಬಂದ ಲಬ್ಧ. ಅವನ ಯಂತ್ರದ ವಸ್ತುಮಸೂರದ ವ್ಯಾಸ 60 ಮಿಲಿಮೀಟರು, ಸಂಗಮದೂರ 700 ಮಿಲಿಮೀಟರು. ಜೊತೆಗೆ ಬಂದ ನೇತ್ರಮಸೂರಗಳಲ್ಲಿ ಒಂದರ ಸಂಗಮದೂರ 20, ಮತ್ತೊಂದರದು 4 ಮಿಲಿಮೀಟರು. ಮೊದಲನೆಯದರಿಂದ 35 ಪಟ್ಟು, ಎರಡನೆಯದರಿಂದ 175 ಪಟ್ಟು. ಅದರ ಮೇಲೆ, ವರ್ಧನೆಯನ್ನು ಮೂರುಪಟ್ಟು ಮಾಡುವ ಬಾರ್ಲೋ ಮಸೂರವೊಂದನ್ನು ನಡುವೆ ಸಿಕ್ಕಿಸಿದರೆ 525! ಗಣಿತದಲ್ಲಿ ದೋಷವಿಲ್ಲ. ದೋಷವಿರುವುದು ಬೆಳಕಿನ ಸ್ವಭಾವವನ್ನು ಮರೆತದ್ದರಲ್ಲಿ. ಮಸೂರದ ಅಂಚಿನಲ್ಲಿ ಬೆಳಕಿಗೆ ವಿವರ್ತನೆಯಾಗುವುದರಿಂದ, ಅದು ತೋರಿಸಬಲ್ಲ ವಿವರಕ್ಕೆ ಅದರ ವ್ಯಾಸವೇ ಮಿತಿಯನ್ನು ಹಾಕಿಬಿಡುತ್ತದೆ. ವ್ಯಾಸವು ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಉಪಯುಕ್ತವಾದ ಗರಿಷ್ಠ. 60 ಮಿಲಿಮೀಟರಿಗೆ 120. ಅದನ್ನು ಮೀರಿದರೆ ದೊಡ್ಡದಾಗುವುದು ಮಸುಕು ಮಾತ್ರ. 35 ಪಟ್ಟಿನಿಂದ 525 ಪಟ್ಟಿಗೆ ಹೋದಾಗ ಬಿಂಬವು 15ರಷ್ಟು ಹಿಗ್ಗಿ, ಅದರ ಕಾಂತಿಯು 225ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇದಲ್ಲದೆ ಕಣ್ಣಿಗೆ ಸಿಕ್ಕುವ ಆಕಾಶದ ತುಣುಕು ಎಷ್ಟು ಕಿರಿದಾಗುವುದೆಂದರೆ, ಭೂಮಿಯ ಆವರ್ತನೆಯಿಂದಾಗಿ ಗ್ರಹವು ಇಪ್ಪತ್ತು ಸೆಕೆಂಡಿನೊಳಗೆ ಈ ಅಂಚಿನಿಂದ ಆ ಅಂಚಿಗೆ ಓಡಿ ಮರೆಯಾಗುತ್ತದೆ.

ಆ ಸಂಜೆ ಅವನ ಮನೆಯ ಮಹಡಿಗೆ ಹೋದೆ. ನಮ್ಮಿಬ್ಬರ ಮನೆಗಳೂ ನಾಗರಬಾವಿಯಲ್ಲಿಯೇ ಇರುವುದರಿಂದ ಅದು ಕಷ್ಟವಾಗಲಿಲ್ಲ. ಬಾರ್ಲೋ ಮಸೂರವನ್ನೂ 4 ಮಿಲಿಮೀಟರಿನ ನೇತ್ರಮಸೂರವನ್ನೂ ತೆಗೆದು ಅವನ ಜೇಬಿಗೇ ಹಾಕಿದೆ. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಒಳಕ್ಕೆ ಸೇರಿಸಿ ಗಿಡ್ಡಮಾಡಿ, ನಡುವಣ ತಟ್ಟೆಯಿಂದ ಒಂದು ಇಟ್ಟಿಗೆಯನ್ನು ತೂಗುಹಾಕಿದೆವು. 20 ಮಿಲಿಮೀಟರಿನ ನೇತ್ರಮಸೂರದಿಂದ ಗುರುಗ್ರಹವನ್ನು ಹಿಡಿದಾಗ ಚಪ್ಪಟೆಯಾದ ಬಿಲ್ಲೆಯೂ ಅದರ ಎರಡು ಪಕ್ಕಗಳಲ್ಲಿ ಸಾಲುಗಟ್ಟಿದ ನಾಲ್ಕು ಚುಕ್ಕಿಗಳೂ ಕಂಡುವು. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಇವನ್ನೇ. ಆತನ ಯಂತ್ರದ ವರ್ಧನೆ ಸುಮಾರು 20. 35 ಪಟ್ಟಿನಲ್ಲಿ ಗುರುಗ್ರಹವು ಬರಿಗಣ್ಣಿಗೆ ತೋರುವ ಚಂದ್ರನಿಗೆ ಬಹುಮಟ್ಟಿಗೆ ಸಮನಾದ ಗಾತ್ರದಲ್ಲಿ ಕಾಣುತ್ತದೆಂದರೆ ಅನೇಕರು ನಂಬುವುದಿಲ್ಲ; ಲೆಕ್ಕ ಹಾಕಿ ನೋಡಬಹುದು. ಹುಡುಗನು ತನ್ನ ತಾಯಿಯನ್ನು ಕೂಗಿ ಕರೆದನು. ಆಕೆ ನೋಡಿ, ಏನನ್ನೂ ಹೇಳದೆ, ಕೆಳಗೆ ಹೋಗಿ ತಂದೆಯವರನ್ನು ಕಳುಹಿಸಿದರು.

ಈ ಪ್ರಸಂಗದಿಂದ, ಹಳೆಯ ದೂರದರ್ಶಕವನ್ನು ಕೊಳ್ಳಲೇಬಾರದೆಂಬ ತೀರ್ಮಾನಕ್ಕೆ ವಾಚಕರು ಬರಬಾರದು. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಮೊದಲ ದೂರದರ್ಶಕವು ಬಳಸಿದ್ದೇ ಆಗಿರುವುದು ಲೇಸು. ಹಳೆಯ ಮೋಟಾರು ವಾಹನದಲ್ಲಿ ಸವೆಯುವ ಭಾಗಗಳು ನೂರಾರು. ಗಣಕಯಂತ್ರವು ಐದು ವರ್ಷಕ್ಕೆ ಹಳತಾಗಿಬಿಡುತ್ತದೆ. ಆದರೆ ಚೆನ್ನಾಗಿ ಉಜ್ಜಿದ ಗಾಜು ಸವೆಯುವುದಿಲ್ಲ. ಅದು ಪಾಲಿಸುವ ಪ್ರತಿಫಲನದ ನಿಯಮವು ಹೊಸ ಮಾದರಿ ಬಂದಿತೆಂದು ರದ್ದಾಗುವುದೂ ಇಲ್ಲ. ವಿಜ್ಞಾನ ಸಂಸ್ಥೆಗಳೂ ಇದನ್ನು ಬಲ್ಲವು. ಭಾವನಗರದ ಮಹಾರಾಜ ತಖ್ತಸಿಂಗಜಿಯವರ ನೆರವಿನಿಂದ ಪುಣೆಯಲ್ಲಿ ಸ್ಥಾಪಿತವಾದ ವೀಕ್ಷಣಾಲಯದಲ್ಲಿ ಗ್ರಬ್ ಕಂಪೆನಿಯವರು ಮಾಡಿದ 20 ಅಂಗುಲ ವ್ಯಾಸದ ಪ್ರತಿಫಲನ ದೂರದರ್ಶಕವೊಂದಿತ್ತು. ಪ್ರಾಧ್ಯಾಪಕ ನೇಗಮ್‌ವಾಲಾ ಅವರು ನಿವೃತ್ತರಾಗಿ 1912ರಲ್ಲಿ ಆ ವೀಕ್ಷಣಾಲಯವು ಮುಚ್ಚಿದಾಗ, ಅದನ್ನು ಕೊಡೈಕನಾಲಿಗೆ ಸಾಗಿಸಿದರು. ಬಹುಕಾಲ ನಮ್ಮ ದೇಶದ ಅತಿ ದೊಡ್ಡ ದೂರದರ್ಶಕವೆನಿಸಿದ್ದುದು ಹೀಗೆ ಒಬ್ಬರು ಬಳಸಿ ಮತ್ತೊಬ್ಬರಿಗೆ ಬಂದ ಯಂತ್ರವೇ. ಕೊಡೈಕನಾಲಿನವರಿಗೆ ಇಲ್ಲದ ಸಂಕೋಚ ನಮಗೇಕೆ?

ಹಣದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. ಹೊಸ 76 ಮಿಲಿಮೀಟರಿನ ಯಂತ್ರಕ್ಕೆ ಕೊಡುವ ಹಣಕ್ಕೆ, ಸ್ವಲ್ಪ ತಾಳ್ಮೆಯಿಂದ ಕಾದರೆ, ಬಳಸಿದ 114 ಮಿಲಿಮೀಟರಿನದು ದೊರೆಯುತ್ತದೆ. ಬೆಳಕನ್ನು ಸಂಗ್ರಹಿಸುವ ಶಕ್ತಿಯು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಇದು ಎರಡು ಪಟ್ಟಿಗೂ ಮಿಕ್ಕ ಲಾಭ. 60 ಮಿಲಿಮೀಟರಿನಿಂದ 150ಕ್ಕೆ ಹೋದರಂತೂ ಬೆಳಕು ಆರೂಕಾಲು ಪಟ್ಟಾಗುತ್ತದೆ. ವಿವರವನ್ನು ಬಿಡಿಸಿ ತೋರುವ ಶಕ್ತಿಯೂ ಹಾಗೆಯೇ: 60 ಮಿಲಿಮೀಟರಿನ ಮಸೂರವು ಸುಮಾರು 2 ವಿಕಲೆಗಳಷ್ಟು ಅಂತರದ ನಕ್ಷತ್ರಗಳನ್ನು ಬೇರ್ಪಡಿಸಿದರೆ, 114 ಮಿಲಿಮೀಟರಿನದು 1 ವಿಕಲೆಯಷ್ಟು ಅಂತರದವನ್ನು ಬೇರ್ಪಡಿಸುತ್ತದೆ. ವಿಕಲೆಯೆಂದರೆ ಒಂದು ಅಂಶದ 3600ನೆಯ ಭಾಗ. ಇನ್ನು, ಒಂದು ವರ್ಷದ ಮೇಲೆ ಬೇಡವೆನಿಸಿದರೆ ಕೊಂಡ ಬೆಲೆಗೇ ಮಾರಬಹುದು. ಹೊಸದನ್ನು ಕೊಂಡವನು ಪೆಟ್ಟಿಗೆಯನ್ನು ಒಡೆದ ದಿನವೇ ನಷ್ಟಕ್ಕೆ ಗುರಿಯಾಗುತ್ತಾನೆ.

ವ್ಯಾಸವನ್ನು ಬಿಟ್ಟರೆ ಮುಂದಿನ ಮಾತು ಪೀಠದ್ದು. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಶೀತದೇಶಗಳವರು ಬರೆದ ಪುಸ್ತಕಗಳನ್ನು ನಂಬಿ ನಮ್ಮವರು ಮೋಸಹೋಗುವುದು ಇಲ್ಲಿಯೇ. ಅಲ್ಲಿಯ ಪುಸ್ತಕಗಳು ವಿಷುವದ್ವೃತ್ತೀಯ ಪೀಠವನ್ನು ಹೊಗಳುವುವು. ಅದರ ಒಂದು ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಟ್ಟರೆ, ಒಂದೇ ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಗ್ರಹವನ್ನು ಹಿಂಬಾಲಿಸಬಹುದು. ಯುಕ್ತಿಯು ಸೊಗಸಾದುದೇ. ಆದರೆ ಬೆಂಗಳೂರಿನ ಅಕ್ಷಾಂಶ 13 ಅಂಶ. ಧ್ರುವನು ದಿಗಂತದಿಂದ ಅಷ್ಟೇ ಮೇಲಿರುತ್ತಾನೆ. ಇಪ್ಪತ್ತು ಮೀಟರು ದೂರದ ಮನೆಯು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಐದು ಮೀಟರು ಎತ್ತರವಾಗಿದ್ದರೆ ಸಾಕು, ಧ್ರುವನು ಅದರ ಹಿಂದೆ ಮರೆಯಾದನು. ನಾಗರಬಾವಿಯಲ್ಲಿ ನನ್ನ ಮನೆಯ ಉತ್ತರಕ್ಕಿರುವ ಕಟ್ಟಡದ ಮೇಲೊಂದು ಕಪ್ಪು ನೀರಿನ ತೊಟ್ಟಿಯಿದೆ. ನನ್ನ ಧ್ರುವನು ಸರಿಯಾಗಿ ಅದರ ಹಿಂದೆ ವಾಸವಾಗಿದ್ದಾನೆ. ಅವನನ್ನು ಹಿಡಿದರೂ ತೊಂದರೆ ತಪ್ಪದು. ಅಕ್ಷವನ್ನು 13 ಅಂಶಕ್ಕೆ ಬಾಗಿಸಿದಾಗ ಅಗ್ಗದ ಪೀಠಗಳಲ್ಲಿ ಪ್ರತಿತೂಕದ ಸರಳು ಮುಕ್ಕಾಲಿಯ ಕಾಲಿಗೆ ತಗುಲುತ್ತದೆ; ಕೆಲವು ಅಷ್ಟು ಕೆಳಕ್ಕೆ ಬಾಗುವುದೇ ಇಲ್ಲ.

ಇದಕ್ಕೆ ಪರಿಹಾರವನ್ನು ತೋರಿದಾತನು ಒಬ್ಬ ಸಂನ್ಯಾಸಿ. ಜಾನ್ ಡಾಬ್ಸನ್ (1915–2014) ಎಂಬಾತನು 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠವನ್ನು ಸೇರಿದನು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ದರ್ಪಣಗಳನ್ನು ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ತೆಳುಹಲಗೆಯ ಪೆಟ್ಟಿಗೆಯ ಮೇಲೆ ಅದು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ನುಣ್ಣಗೆ ತಿರುಗುವಂತೆ ಮಾಡಿದನು. ಈ ಹುಚ್ಚಿನಿಂದಾಗಿ 1967ರಲ್ಲಿ ಮಠವನ್ನು ಬಿಡಬೇಕಾಯಿತು. ಆ ಮೇಲೆ ಬೀದಿಬೀದಿಯಲ್ಲಿ ದೂರದರ್ಶಕವನ್ನಿಟ್ಟು ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತ ಬಾಳಿದನು. ಅವನ ಹೆಸರಿನ ಈ ಡಾಬ್ಸನ್ ಪೀಠಕ್ಕೆ ಧ್ರುವನು ಬೇಕಾಗಿಲ್ಲ, ತಿರುಪುಗಳು ಬೇಕಾಗಿಲ್ಲ. ನಮ್ಮ ಬಡಗಿಯೂ ಒಂದು ದಿನದಲ್ಲಿ ಮಾಡಿಕೊಟ್ಟಾನು. ನೆತ್ತಿಯ ನೇರಕ್ಕೆ ಬಂದ ಗ್ರಹವನ್ನು ಹಿಡಿಯುವುದು ಮಾತ್ರ ಇದರಲ್ಲಿ ಸ್ವಲ್ಪ ಕಷ್ಟ. ನಮ್ಮ ಊರಿನಲ್ಲಿ ಗ್ರಹಗಳು ನೆತ್ತಿಯ ಬಳಿಯಲ್ಲೇ ಸಂಚರಿಸುವುವು. ಅರ್ಧ ಗಂಟೆ ಕಾದರೆ ಅವು ತಾವಾಗಿಯೇ ಇಳಿಯುತ್ತವೆ. ಆದುದರಿಂದ, ಒಳ್ಳೆಯ ದರ್ಪಣವಿದ್ದು ಮುಕ್ಕಾಲಿ ಮುರಿದ ಯಂತ್ರವು ಅಗ್ಗವಾಗಿ ಸಿಕ್ಕಿದರೆ ಹಿಂಜರಿಯಬೇಕಾಗಿಲ್ಲ.

ಕೊಳ್ಳುವ ಮುನ್ನ ಕಣ್ಣಾರೆ ನೋಡಬೇಕು. ದೂರವಾಣಿಯಲ್ಲಿ ಬಂದ ಚಿತ್ರವನ್ನು ನಂಬಿ ಹಣ ಕಳುಹಿಸುವುದು ಸರ್ವಥಾ ಸಲ್ಲದು. ಹಗಲಿನಲ್ಲಿಯೇ ಹೋಗಿ, ಕೈದೀಪವೊಂದನ್ನು ಹಿಡಿದು ಕೊಳವೆಯೊಳಕ್ಕೆ ಓರೆಯಾಗಿ ಬೆಳಕು ಬಿಡಿ. ಮಸೂರದ ಮೇಲೆ ಜೇಡರಬಲೆಯಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಚೀಲದೊಳಗೆ ಕಟ್ಟಿಟ್ಟ ಗಾಜಿಗೆ ಇದು ಹತ್ತದೆ ಬಿಡದು. ಎರಡು ಗಾಜುಗಳ ನಡುವೆ ಹಬ್ಬಿದ್ದರೆ ಅಂತಹ ಯಂತ್ರವನ್ನು ಬಿಟ್ಟುಬಿಡುವುದೇ ಮೇಲು. ದರ್ಪಣದ ಮೇಲಿನ ಧೂಳಿಗೆ ಹೆದರಬೇಕಾದುದಿಲ್ಲ. ಅಲ್ಯೂಮಿನಿಯಮ್ ಲೇಪವು ಅಲ್ಲಲ್ಲಿ ಸುಲಿದು ಅದರ ಮೂಲಕ ಬೆಳಕು ತೂರುತ್ತಿದ್ದರೆ ಮಾತ್ರ, ಮತ್ತೆ ಲೇಪ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಇಲ್ಲಿ ನನ್ನ ಅವಿವೇಕವೊಂದನ್ನು ಒಪ್ಪಿಕೊಳ್ಳುತ್ತೇನೆ. ವಿಜಯನಗರದ ವೃದ್ಧರೊಬ್ಬರಿಂದ ನಾನು ಕೊಂಡ 114 ಮಿಲಿಮೀಟರಿನ ದರ್ಪಣವು ಧೂಳಾಗಿತ್ತೇ ಹೊರತು ಲೋಪವಿಲ್ಲದ್ದಾಗಿತ್ತು. ಭೌತಶಾಸ್ತ್ರ ಕಲಿಸುವವನೆಂಬ ಗರ್ವದಿಂದ ಅದನ್ನು ಒಣಬಟ್ಟೆಯಿಂದ ಒರೆಸಿದೆ. ಐದು ನಿಮಿಷದಲ್ಲಿ ನಾನೆಳೆದ ಗೀರುಗಳು ಆ ವೃದ್ಧರ ಕೈಯಲ್ಲಿ ಹನ್ನೆರಡು ವರ್ಷಗಳಲ್ಲಿ ಬಿದ್ದಿರಲಿಲ್ಲ.

ವಕ್ರೀಭವನ ದೂರದರ್ಶಕವಾದರೆ ನೇತ್ರಮಸೂರವನ್ನು ತೆಗೆದು ಹಿಂದಿನಿಂದ ಇಣಿಕಿ, ಮುಂದಿನ ಮಸೂರದ ಅಂಚು ಸುತ್ತಲೂ ಕಾಣುವುದೇ ನೋಡಿರಿ. ಗಾಜಿನ ಕೀಳ್ಮೆಯನ್ನು ಮರೆಸಲು ಒಳಗೆ ಕಿರಿಯ ರಂಧ್ರದ ಬಿಲ್ಲೆಯನ್ನು ಇಟ್ಟಿರುವುದುಂಟು. ಆಗ 60 ಎಂದು ಕೊಂಡದ್ದು ವಾಸ್ತವವಾಗಿ 40 ಆಗಿರುತ್ತದೆ. ನೇತ್ರಮಸೂರದ ಕೊಳವೆಯ ವ್ಯಾಸವನ್ನು ಅಳೆಯಿರಿ: 31.7 ಮಿಲಿಮೀಟರು, ಅಂದರೆ ಒಂದೂಕಾಲು ಅಂಗುಲವಾದರೆ ಮುಂದೆ ಬೇರೆ ಮಸೂರಗಳನ್ನು ಕೊಂಡು ಹಾಕಬಹುದು, 24.5 ಮಿಲಿಮೀಟರಿನ ಹಳೆಯ ಮಾದರಿಗೆ ಒಳ್ಳೆಯವು ಸಿಕ್ಕುವುದು ದುರ್ಲಭ. ಪ್ರತಿಫಲನ ದೂರದರ್ಶಕದಲ್ಲಿ ಸಂಗಮದೂರ 1000 ಎಂದು ಬರೆದಿದ್ದು ಕೊಳವೆಯ ಉದ್ದ ಅದರ ಅರ್ಧದಷ್ಟೇ ಇದ್ದರೆ, ಒಳಗೆ ತಿದ್ದುವ ಮಸೂರವೊಂದು ಅಡಗಿದೆಯೆಂದು ತಿಳಿಯಬೇಕು. ಅಂತಹವುಗಳ ದರ್ಪಣಗಳನ್ನು ಒಂದು ನೇರಕ್ಕೆ ತರುವುದು ಹೊಸಬರ ಕೈಲಾಗದ ಕೆಲಸ. 114 ಮಿಲಿಮೀಟರು ವ್ಯಾಸ, 900 ಸಂಗಮದೂರ, ಉದ್ದನೆಯ ಕೊಳವೆ—ಇದು ನಾನು ಧೈರ್ಯವಾಗಿ ಹೇಳಬಲ್ಲ ಜೋಡಿ. ಇಷ್ಟು ನೀಳವಾದುದರಲ್ಲಿ ದರ್ಪಣವು ಪರವಲಯವಾಗಿರದೆ ಬರಿಯ ಗೋಳೀಯವಾಗಿದ್ದರೂ ಬಿಂಬ ಕೆಡುವುದಿಲ್ಲ. ಕೊನೆಗೆ ಕೊಳವೆಯನ್ನು ಬೆರಳಿನಿಂದ ತಟ್ಟಿ, ಬಿಂಬದ ನಡುಕ ನಿಲ್ಲುವವರೆಗೆ ಎಣಿಸಿರಿ. ಮೂರು ಎನ್ನುವುದರೊಳಗಾಗಿ ನಿಂತರೆ ಸರಿ.

ಮಾರುವವರು ರಾತ್ರಿ ಬರಲು ಒಪ್ಪಿದರೆ, ಬೇಸಗೆಯ ಸಂಜೆಗಳಲ್ಲಿ ಉತ್ತಮವಾದ ಪರೀಕ್ಷೆಯೊಂದು ಆಕಾಶದಲ್ಲಿಯೇ ಇದೆ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯ ಪಕ್ಕದಲ್ಲಿರುವ ವಸಿಷ್ಠ ನಕ್ಷತ್ರವು ದೂರದರ್ಶಕದಲ್ಲಿ ಎರಡಾಗಿ ಒಡೆಯುತ್ತದೆ. ಅವುಗಳ ನಡುವಣ ಅಂತರ ಸುಮಾರು 14 ವಿಕಲೆ. ಇದನ್ನು ಎರಡು ಸ್ವಚ್ಛವಾದ ಚುಕ್ಕಿಗಳನ್ನಾಗಿ ತೋರಿಸಲಾರದ ಯಂತ್ರಕ್ಕೆ ಹಣ ಕೊಡಬೇಡಿ.

ಒಂದು ವಸ್ತುವನ್ನು ಮಾತ್ರ ಕೊಂಡ ದಿನವೇ ನಾಶಮಾಡಬೇಕು. ಹಳೆಯ ಪೆಟ್ಟಿಗೆಗಳಲ್ಲಿ ನೇತ್ರಮಸೂರಕ್ಕೆ ತಿರುಚಿ ಕೂರಿಸುವ ಕರಿಯ ಗಾಜಿನ ಸೌರಶೋಧಕವೊಂದು ಇರುವುದುಂಟು. ಮುಂದಿನ ಮಸೂರವು ಒಟ್ಟುಗೂಡಿಸಿದ ಬಿಸಿಲೆಲ್ಲವೂ ಈ ಚಿಕ್ಕ ಗಾಜಿನ ಬಳಿಯೇ ಸೇರುವುದರಿಂದ ಅದು ಕಾದು, ನೋಡುತ್ತಿರುವಾಗಲೇ ಸೀಳಬಹುದು. ಕಣ್ಣಿನ ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಆ ಮೇಲೆ ತಿಳಿಯುತ್ತದೆ. ಅದನ್ನು ಕಲ್ಲಿನಿಂದ ಜಜ್ಜಿ ಕಸಕ್ಕೆ ಹಾಕಿರಿ; ಯಾರ ಮಗುವಿನ ಕೈಗೂ ಸಿಕ್ಕದಿರಲಿ. ಸೂರ್ಯನನ್ನು ನೋಡುವ ಶೋಧಕವು ಕೊಳವೆಯ ಮುಂಬದಿಯಲ್ಲಿಯೇ ಇರತಕ್ಕದ್ದು.

ಇಷ್ಟೆಲ್ಲ ಕಂಡುಕೊಳ್ಳುವ ಮೊದಲು ಒಮ್ಮೆಯಾದರೂ ಬೇರೆಯವರ ಯಂತ್ರದಲ್ಲಿ ನೋಡಿರಬೇಕು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು 1989ರಲ್ಲಿ ಆರಂಭವಾದುದು. ಅಲ್ಲಿ ಆಕಾಶವೀಕ್ಷಣೆಯ ಕಾರ್ಯಕ್ರಮಗಳು ನಡೆಯುತ್ತವೆ. ನಗರದ ಹವ್ಯಾಸಿ ಖಗೋಳಾಸಕ್ತರಲ್ಲಿ ತಮ್ಮ ದರ್ಪಣವನ್ನು ತಾವೇ ಉಜ್ಜಿಕೊಂಡವರಿದ್ದಾರೆ. ಅವರ ಕೈಯಿಂದ ಮಾರಾಟಕ್ಕೆ ಬರುವ ಯಂತ್ರವು ನೋಡಲು ಒರಟಾಗಿರಬಹುದು, ಬಣ್ಣ ಹೋಗಿರಬಹುದು. ಆದರೂ ಕಾರ್ಖಾನೆಯ ಹೊಳಪಿನ ಕೊಳವೆಗಿಂತ ಅದನ್ನೇ ನಾನು ಆರಿಸುವೆನು. ಕೈಯಲ್ಲಿರುವುದು ಮೂರು ನಾಲ್ಕು ಸಾವಿರವೇ ಆದರೆ, ದೂರದರ್ಶಕದ ಆಸೆಯನ್ನು ಸದ್ಯಕ್ಕೆ ಬಿಟ್ಟು 10 ಪಟ್ಟು, 50 ಮಿಲಿಮೀಟರಿನ ಜೋಡಿ ದುರ್ಬೀನನ್ನು ಕೊಳ್ಳಿರಿ.

ಪುರಾತನರಲ್ಲಿ ಒಂದು ನಂಬಿಕೆಯಿತ್ತು: ಆಳವಾದ ಬಾವಿಯ ತಳದಲ್ಲಿ ನಿಂತರೆ ಹಗಲಿನಲ್ಲಿಯೂ ನಕ್ಷತ್ರಗಳು ಕಾಣುವುವೆಂದು. ಅದು ನಿಜವಲ್ಲ. ಹೆಸರಿನಲ್ಲಿಯೇ ಬಾವಿಯುಳ್ಳ ನಮ್ಮ ನಾಗರಬಾವಿಯಲ್ಲಿ ಈಗ ಇರುಳಿನಲ್ಲಿಯೂ ಕಾಣುವ ನಕ್ಷತ್ರಗಳನ್ನು ಎಣಿಸಿಬಿಡಬಹುದು. ಬೀದಿದೀಪಗಳ ಬೆಳಕಿನಲ್ಲಿ ದೇವಯಾನಿಯ ಬ್ರಹ್ಮಾಂಡವು ಒಂದು ಸಂಶಯದಂತೆ ತೋರುತ್ತದೆ. ಆದರೆ ಚಂದ್ರನಿಗೂ ಗುರು ಶನಿಗಳಿಗೂ ಜೋಡಿನಕ್ಷತ್ರಗಳಿಗೂ ಈ ಬೆಳಕಿನಿಂದ ಅಷ್ಟಾಗಿ ಬಾಧೆಯಿಲ್ಲ. ಕೃತ್ತಿಕೆಯೂ ಮಹಾವ್ಯಾಧನ ನೀಹಾರಿಕೆಯೂ ಮಹಡಿಯಿಂದಲೇ ಸಿಕ್ಕುತ್ತವೆ. ಶನಿಯ ಬಳೆಗಳು 2025ರ ಮಾರ್ಚಿಯಲ್ಲಿ ನಮಗೆ ಅಂಚನ್ನು ತೋರಿಸಿ ನಿಂತಿದ್ದುವು. ಅಲ್ಲಿಂದ ಮುಂದಿನ ವರ್ಷಗಳು ಅವು ತೆರೆದುಕೊಳ್ಳುವ ಕಾಲ. ಬಿಸಿಲಿಗೆ ಕಾದ ತಾರಸಿಯು ಸಂಜೆಯಲ್ಲಿ ಶಾಖವನ್ನು ಕಾರುವುದರಿಂದ, ರಾತ್ರಿ ಹತ್ತರ ಮೇಲೆ ನೋಡುವುದೊಳ್ಳೆಯದು. ವರ್ಷಕ್ಕೆ ಎರಡು ಸಲ ಸಾವನದುರ್ಗದ ಕಡೆಗೋ ಇನ್ನಾವ ಕತ್ತಲೆಯ ಊರಿಗೋ ಯಂತ್ರವನ್ನು ಒಯ್ದರೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ದಕ್ಷಿಣದ ಒಮೇಗಾ ಸೆಂಟಾರಿ ಗುಚ್ಛವನ್ನು ಕಾಣಬಹುದು. ಲಂಡನ್ನಿನವನಿಗೆ ಎಷ್ಟು ಹಣ ಕೊಟ್ಟರೂ ತನ್ನ ಊರಿನಿಂದ ಅದು ಕಾಣದು. ನಮಗೆ ಅದು 29 ಅಂಶ ಮೇಲೇರುತ್ತದೆ.

ಕೊನೆಯದಾಗಿ, ನಾವು ಅಧ್ಯಾಪಕರು ನಾಚಬೇಕಾದ ಸಂಗತಿಯೊಂದು ಉಳಿದಿದೆ. ನಾನು ಬಲ್ಲ ಕಾಲೇಜೊಂದರ ಭೌತಶಾಸ್ತ್ರ ವಿಭಾಗದ ಬೀರುವಿನಲ್ಲಿ ಒಳ್ಳೆಯ ಮೂರು ಅಂಗುಲದ ವಕ್ರೀಭವನ ದೂರದರ್ಶಕವೊಂದು ಬೀಗದೊಳಗಿತ್ತು. ದಾಸ್ತಾನು ಪುಸ್ತಕದಲ್ಲಿ ಅದರ ಹೆಸರಿದ್ದುದರಿಂದ, ಒಡೆದರೆ ಯಾರ ಸಂಬಳದಿಂದ ಹಿಡಿಯುವರೋ ಎಂಬ ಭಯದಿಂದ, ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ. ಕಡೆಗೆ ಮಸೂರಕ್ಕೆ ಬೂಷ್ಟು ಹಿಡಿದು, ನಿರುಪಯುಕ್ತವೆಂದು ಬರೆದು, ಮುರಿದ ಮೇಜುಗಳೊಡನೆ ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕಿದರು. ಹಿತ್ತಾಳೆಯ ಬೆಲೆ ಬಂದಿತು. ಅದೇ ವರ್ಷ ಅದೇ ಕಾಲೇಜಿನ ಮಕ್ಕಳು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಎಲ್ಲೆಲ್ಲಿಯೋ ಹಣ ಕಳೆದುಕೊಳ್ಳುತ್ತಿದ್ದರು. ಗ್ರಂಥಾಲಯದ ಪುಸ್ತಕದಂತೆ ದೂರದರ್ಶಕವನ್ನೂ ಸಹಿ ಹಾಕಿಸಿಕೊಂಡು ಒಂದು ವಾರಕ್ಕೆ ಮನೆಗೆ ಕೊಡಲು ಏನು ಅಡ್ಡಿ? ಪುಸ್ತಕವೂ ಹರಿಯುತ್ತದೆ, ಅದಕ್ಕಾಗಿ ಗ್ರಂಥಾಲಯಗಳನ್ನು ಯಾರೂ ಮುಚ್ಚಿಲ್ಲ. ಗೀರು ಬಿದ್ದ ನನ್ನ 114 ಮಿಲಿಮೀಟರಿನ ಯಂತ್ರವನ್ನು ಈ ವರ್ಷದಿಂದ ಹಾಗೆ ಕೊಡತೊಡಗಿದ್ದೇನೆ. ಮೊದಲು ಒಯ್ದವನು, ನಾಲ್ಕು ಸಾವಿರ ತೆತ್ತಿದ್ದ ಆ ಹುಡುಗನೇ. ವಾರಕ್ಕೆಂದು ಕೊಂಡುಹೋದದ್ದನ್ನು ಎರಡು ವಾರ ಇಟ್ಟುಕೊಂಡನು. ದಂಡ ವಿಧಿಸಬೇಕೆಂದಿದ್ದೆ, ಮರೆತೆ.